ಹಳೆಯ ಲಾರಿಯ ಮ್ಯಾನಿಫೋಲ್ಡ್ ಸೋರಿಕೆ: ಪ್ಯಾಕಿಂಗ್ ಬದಲಿಸಿದರಷ್ಟೇ ಸಾಲದು

ಹಳೆಯ ಲಾರಿಗಳಲ್ಲಿ ಮತ್ತೆ ಮತ್ತೆ ತಲೆದೋರುವ ತೊಂದರೆಗಳ ಪೈಕಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆಯೂ ಒಂದು. ಗ್ಯಾರೇಜುಗಳಲ್ಲಿ ಇದಕ್ಕೆ 'ಪ್ಯಾಕಿಂಗ್ ಹೋಗಿದೆ' ಎನ್ನುವುದು ವಾಡಿಕೆ. ಹೊಸ ಪ್ಯಾಕಿಂಗ್ ಹಾಕಿಸಿ ತಿಂಗಳೆರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಸದ್ದು, ಅದೇ ಮಸಿ, ಅದೇ ವಾಸನೆ ಮರಳುತ್ತವೆ. ಮಾಲೀಕರು ಪ್ಯಾಕಿಂಗಿನ ಗುಣಮಟ್ಟವನ್ನು ದೂರುತ್ತಾರೆ, ಮೆಕ್ಯಾನಿಕ್ಕನ ಕೈಗುಣವನ್ನು ಶಂಕಿಸುತ್ತಾರೆ. ಆದರೆ ಪದೇ ಪದೇ ಸೋರುವ ಸಂದರ್ಭಗಳಲ್ಲಿ ಪ್ಯಾಕಿಂಗ್ ಅಪರಾಧಿಯಾಗಿರುವುದು ಅಪರೂಪ. ಅದು ಬಲಿಪಶು ಮಾತ್ರ. ಅದನ್ನು ಹಿಡಿದಿಡಬೇಕಾದ ಲೋಹದ ಮೈ, ಬೋಲ್ಟುಗಳು ಮತ್ತು ಸೈಲೆನ್ಸರ್ ಪೈಪಿನ ಆಧಾರಗಳಲ್ಲಿ ದೋಷವಿರುವವರೆಗೆ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಹಣ ಹಾಳು.

ಈ ಲೇಖನದಲ್ಲಿ ಉದಾಹರಣೆಗೆಂದು ಟಾಟಾ ಲಾರಿಗಳಲ್ಲಿ ಬಹುವಾಗಿ ಬಳಕೆಯಾದ ಕಮಿನ್ಸ್ 6ಬಿಟಿ ಎಂಜಿನ್ನನ್ನು ತೆಗೆದುಕೊಳ್ಳಲಾಗಿದೆ. 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಕಂಪನಿಯು ಜಮ್‌ಷೆಡ್‌ಪುರದಲ್ಲಿ ಈ 5.9 ಲೀಟರ್ ಸಾಮರ್ಥ್ಯದ, ಆರು ಸಿಲಿಂಡರಿನ ಟರ್ಬೊ ಎಂಜಿನ್ನನ್ನು ತಯಾರಿಸಿತು. ಇದನ್ನು ಹೊತ್ತ ಟಾಟಾ 1613 ರಾಜ್ಯದ ಹೆದ್ದಾರಿಗಳಿಗೆ ಅಪರಿಚಿತವಲ್ಲ. ಬೇರೆ ಲಾರಿಗಳಿಗೂ ತತ್ವ ಇದೇ. ಅಳತೆಗಳು ಮಾತ್ರ ಆಯಾ ಎಂಜಿನ್ನಿನ ಕೈಪಿಡಿಯಂತೆ ಬದಲಾಗುತ್ತವೆ.

ಏನಿದು ಮ್ಯಾನಿಫೋಲ್ಡ್?

ಸಿಲಿಂಡರುಗಳಲ್ಲಿ ಉರಿದುಳಿದ ಬಿಸಿ ಅನಿಲವನ್ನು ಒಟ್ಟುಗೂಡಿಸಿ ಟರ್ಬೊಗೆ, ಅಲ್ಲಿಂದ ಸೈಲೆನ್ಸರಿಗೆ ಸಾಗಿಸುವ ಎರಕದ ಕಬ್ಬಿಣದ ಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಇದನ್ನು ಎಂಜಿನ್ನಿನ ಹೆಡ್ಡಿಗೆ ಬೋಲ್ಟುಗಳಿಂದ ಬಿಗಿಯಲಾಗಿರುತ್ತದೆ. ಎರಡು ಲೋಹದ ಮೈಗಳ ನಡುವಿನ ಸಂದಿಯನ್ನು ಮುಚ್ಚುವುದೇ ಗ್ಯಾಸ್ಕೆಟ್ಟಿನ ಕೆಲಸ. 6ಬಿಟಿ ಎಂಜಿನ್ನಿನಲ್ಲಿ ಆರು ಕಂಡಿಗಳಿಗೆ ಆರು ಬಿಡಿ ಗ್ಯಾಸ್ಕೆಟ್‌ಗಳು, ಕಂಡಿಗೆ ಎರಡರಂತೆ ಒಟ್ಟು ಹನ್ನೆರಡು ಬೋಲ್ಟುಗಳು ಇರುತ್ತವೆ. ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವೆ ಮತ್ತೊಂದು ಗ್ಯಾಸ್ಕೆಟ್ ಇದೆ. ಸೋರಿಕೆ ಎಲ್ಲಿಂದ ಎಂಬುದನ್ನು ಮೊದಲು ಗುರುತಿಸದೆ ಕೈಹಾಕಿದರೆ ಒಳ್ಳೆಯ ಜೋಡಣೆಯನ್ನು ಬಿಚ್ಚಿ ಕೆಟ್ಟದ್ದನ್ನು ಹಾಗೆಯೇ ಬಿಟ್ಟಂತಾಗುತ್ತದೆ.

ಸದ್ದಷ್ಟೇ ಅಲ್ಲ, ಅಪಾಯವೂ ಉಂಟು

'ಸ್ವಲ್ಪ ಟಿಕ್ ಟಿಕ್ ಅನ್ನುತ್ತದೆ, ಓಡಲಿ ಬಿಡಿ' ಎಂಬ ಉದಾಸೀನ ಸರ್ವೇಸಾಮಾನ್ಯ. ಇದರ ಪರಿಣಾಮಗಳನ್ನು ಅರಿತವರು ಹೀಗೆ ಹೇಳಲಾರರು.

ಮೊದಲನೆಯದು ಚಾಲಕನ ಆರೋಗ್ಯ. ಈ ಲಾರಿಗಳಲ್ಲಿ ಎಂಜಿನ್ನಿನ ಬಾನೆಟ್ ಕ್ಯಾಬಿನ್ನಿನ ಒಳಗೇ, ಚಾಲಕ ಮತ್ತು ಕ್ಲೀನರ್ ನಡುವೆ ಇರುತ್ತದೆ. ಬಾನೆಟ್ಟಿನ ಅಂಚಿನ ರಬ್ಬರ್ ಸವೆದಿದ್ದರೆ, ಗೇರ್ ಲಿವರಿನ ಸುತ್ತಲಿನ ತೊಗಲು ಹರಿದಿದ್ದರೆ ಸೋರಿದ ಹೊಗೆ ನೇರವಾಗಿ ಕ್ಯಾಬಿನ್ನಿಗೆ ನುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಾರ್ಬನ್ ಮಾನಾಕ್ಸೈಡ್ ಡೀಸೆಲ್ ಹೊಗೆಯಲ್ಲಿ ಪೆಟ್ರೋಲಿನದಕ್ಕಿಂತ ಕಡಿಮೆಯಾದರೂ ಇಲ್ಲವೆಂದಲ್ಲ. ಮಳೆಗಾಲದ ರಾತ್ರಿ ಕಿಟಕಿ ಮುಚ್ಚಿ, ಎಂಜಿನ್ ಚಾಲೂ ಇಟ್ಟು ಕ್ಯಾಬಿನ್ನಿನಲ್ಲಿ ಮಲಗುವವರು ಈ ಮಾತನ್ನು ಲಘುವಾಗಿ ಪರಿಗಣಿಸಬಾರದು. ತಲೆನೋವು, ಮಂಪರು, ವಾಕರಿಕೆ ಕಂಡುಬಂದರೆ ಆಯಾಸವೆಂದು ಸುಮ್ಮನಾಗದೆ ಕೂಡಲೇ ಕೆಳಗಿಳಿದು ಗಾಳಿಗೆ ಬರತಕ್ಕದ್ದು.

ಎರಡನೆಯದು ಘಾಟಿಯಲ್ಲಿನ ಸುರಕ್ಷತೆ. ಎಕ್ಸಾಸ್ಟ್ ಬ್ರೇಕ್ ಅಳವಡಿಸಿದ ಲಾರಿಗಳಲ್ಲಿ ಹೊಗೆಯ ದಾರಿಯನ್ನು ಕವಾಟವೊಂದು ಮುಚ್ಚಿ, ಒಳಗೆ ಒತ್ತಡ ಕಟ್ಟಿಕೊಳ್ಳುವಂತೆ ಮಾಡಿ ವಾಹನದ ವೇಗ ತಗ್ಗಿಸುತ್ತದೆ. ಮ್ಯಾನಿಫೋಲ್ಡ್ ಸೋರುತ್ತಿದ್ದರೆ ಆ ಒತ್ತಡವೂ ಸೋರಿಹೋಗುತ್ತದೆ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಸರಕು ತುಂಬಿದ ಲಾರಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕಿನ ಬಲ ಕುಂದಿದಷ್ಟೂ ಹೊರೆ ಚಕ್ರದ ಬ್ರೇಕುಗಳ ಮೇಲೆ ಬೀಳುತ್ತದೆ. ಬ್ರೇಕ್ ಡ್ರಮ್ ಕಾದು ಹಿಡಿತ ತಪ್ಪುವ ಸಂಭವ ಹೆಚ್ಚುತ್ತದೆ.

ಮೂರನೆಯದು ಬೆಂಕಿಯ ಭಯ. ಸಂದಿಯಿಂದ ಚಿಮ್ಮುವ ಅನಿಲ ಹತ್ತಿರದ ವೈರಿನ ಹೊದಿಕೆಯನ್ನೋ ರಬ್ಬರ್ ಹೋಸನ್ನೋ ಸುಡಬಲ್ಲದು. ಅಲ್ಲೇ ಡೀಸೆಲ್ ಅಥವಾ ಆಯಿಲ್ ಜಿನುಗುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ನಾಲ್ಕನೆಯದು ಖರ್ಚು. ಟರ್ಬೊವನ್ನು ತಿರುಗಿಸಬೇಕಾದ ಅನಿಲ ದಾರಿಯಲ್ಲೇ ಸೋರಿದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿ ಕಡಿಮೆಯಾಗುತ್ತದೆ. ಎಳೆತ ತಗ್ಗುತ್ತದೆ, ಕಪ್ಪು ಹೊಗೆ ಹೆಚ್ಚುತ್ತದೆ, ಡೀಸೆಲ್ ಹೆಚ್ಚು ಉರಿಯುತ್ತದೆ. ಈ ಲಕ್ಷಣಗಳನ್ನು ಕಂಡು ಪಂಪು, ನಾಜಲ್‌ಗಳನ್ನು ಬಿಚ್ಚಿಸಿ ಹಣ ಕಳೆದುಕೊಂಡವರುಂಟು. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ ಹಾರ್ಟ್ರಿಜ್ ಮಾಪನದಲ್ಲಿ 65. ಎಮಿಷನ್ ಟೆಸ್ಟ್‌ನಲ್ಲಿ ಈ ಮಿತಿ ದಾಟಿದರೆ ಪ್ರಮಾಣಪತ್ರ ಸಿಗುವುದಿಲ್ಲ.

ಪದೇ ಪದೇ ಸೋರುವುದೇಕೆ?

ಇದಕ್ಕೆ ಮೂಲ ಕಾರಣ ಶಾಖ. ಹೊರೆ ಹೊತ್ತು ಏರು ಹತ್ತುವಾಗ ಟರ್ಬೊಗೆ ಮುಂಚಿನ ಹೊಗೆಯ ಶಾಖ 500ರಿಂದ 650 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆದರೆ ನೀರಿನಿಂದ ತಂಪಾಗುವ ಹೆಡ್ಡಿನ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಎರಕದ ಕಬ್ಬಿಣ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗ ಹಿಗ್ಗುತ್ತದೆ. 60 ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿಯಷ್ಟು ಕಾದರೆ ಸುಮಾರು 3.3 ಮಿ.ಮೀ. ಬೆಳೆಯುತ್ತದೆ. ಅದೇ ಉದ್ದದ ಹೆಡ್ 70 ಡಿಗ್ರಿ ಕಾದಾಗ ಬೆಳೆಯುವುದು ಅರ್ಧ ಮಿ.ಮೀ.ಗಿಂತಲೂ ಕಡಿಮೆ. ಉಳಿದ ವ್ಯತ್ಯಾಸದಷ್ಟು ದೂರ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಮೇಲೆ ಜಾರಲೇಬೇಕು. ಪ್ರತಿಸಲ ಕಾದು ಆರಿದಾಗಲೂ ಈ ಜಾರಾಟ ನಡೆಯುತ್ತದೆ.

ತುಕ್ಕು, ಮಸಿ ಅಥವಾ ವಕ್ರವಾದ ಬೋಲ್ಟಿನಿಂದ ಈ ಜಾರಾಟಕ್ಕೆ ತಡೆ ಬಿದ್ದಾಗ ಕಷ್ಟ ಆರಂಭ. ಹಿಗ್ಗಲು ಜಾಗವಿಲ್ಲದ ಕಾದ ಲೋಹ ತನ್ನೊಳಗೇ ಅದುಮಿಕೊಳ್ಳುತ್ತದೆ. ಆರಿದಾಗ ಮೊದಲಿಗಿಂತ ಕೂದಲೆಳೆಯಷ್ಟು ಗಿಡ್ಡವಾಗಿರುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಮ್ಯಾನಿಫೋಲ್ಡ್ ಕುಗ್ಗಿ, ಅದರ ಚಾಚುಪಟ್ಟಿಗಳು ಬಾಗುತ್ತವೆ. ಅತಿ ಹೆಚ್ಚು ಎಳೆತ ಬೀಳುವುದು ಎರಡು ತುದಿಗಳಲ್ಲಿ. ಆದ್ದರಿಂದಲೇ ಒಂದನೆಯ ಮತ್ತು ಆರನೆಯ ಸಿಲಿಂಡರಿನ ಬೋಲ್ಟುಗಳು ಮೊದಲು ಸಡಿಲವಾಗುತ್ತವೆ ಇಲ್ಲವೇ ತುಂಡಾಗುತ್ತವೆ. ಬಿಚ್ಚಿದ ಮ್ಯಾನಿಫೋಲ್ಡನ್ನು ಮತ್ತೆ ಕೂರಿಸುವಾಗ ತುದಿಯ ರಂಧ್ರಗಳು ಹೆಡ್ಡಿನ ರಂಧ್ರಗಳಿಗೆ ಸರಿಹೊಂದದಿದ್ದರೆ ಅದು ಕುಗ್ಗಿದೆ ಎಂದೇ ತಿಳಿಯಬೇಕು.

ಎರಡನೆಯ ಕಾರಣ ಭಾರ ಮತ್ತು ಅಲುಗಾಟ. ಸೈಲೆನ್ಸರ್ ಪೈಪಿನ ಕ್ಲಾಂಪ್ ಮುರಿದಿದ್ದರೆ, ಪೈಪಿನ ಬಳುಕುವ ಭಾಗ ಬಿಗಿದುಕೊಂಡಿದ್ದರೆ, ಎಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದ್ದರೆ ಪೈಪಿನ ಭಾರವೆಲ್ಲ ಟರ್ಬೊ ಮತ್ತು ಮ್ಯಾನಿಫೋಲ್ಡಿಗೆ ಜೋತುಬೀಳುತ್ತದೆ. ಹೊಂಡ ಬಿದ್ದ ರಸ್ತೆಯ ಪ್ರತಿಯೊಂದು ಕುಲುಕಾಟವೂ ಬೋಲ್ಟುಗಳನ್ನು ಮೀಟುತ್ತದೆ.

ಮೂರನೆಯದು ಮಿತಿಮೀರಿದ ಶಾಖ. ಎಳೆತ ಹೆಚ್ಚಲೆಂದು ಪಂಪಿನಲ್ಲಿ ಡೀಸೆಲ್ ಏರಿಸುವುದು, ಏರ್ ಫಿಲ್ಟರ್ ಕಟ್ಟಿಕೊಂಡಿರುವುದು, ಇಂಜೆಕ್ಷನ್ ಟೈಮಿಂಗ್ ತಡವಾಗಿರುವುದು, ಅತಿಯಾದ ಸರಕು - ಇವೆಲ್ಲವೂ ಹೊಗೆಯ ಶಾಖವನ್ನು ಏರಿಸುತ್ತವೆ.

ಪತ್ತೆ ಹಚ್ಚುವ ಬಗೆ

ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನೇ ಪರೀಕ್ಷೆಗೆ ಯೋಗ್ಯ. ಚಾಲೂ ಮಾಡಿದೊಡನೆ ಕೇಳುವ ಟಿಕ್ ಟಿಕ್ ಸದ್ದು ಎಂಜಿನ್ ಕಾದಂತೆ ಕಡಿಮೆಯಾದರೆ ಮ್ಯಾನಿಫೋಲ್ಡ್ ಸೋರಿಕೆಯ ಶಂಕೆ ಬಲವಾಗುತ್ತದೆ. ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುವುದೇ ಇದಕ್ಕೆ ಕಾರಣ. ಟ್ಯಾಪೆಟ್ ಸದ್ದಾದರೆ ಹೀಗೆ ಸಾಮಾನ್ಯವಾಗಿ ಮಾಯವಾಗುವುದಿಲ್ಲ. ಹೊರೆ ಬಿದ್ದಾಗ ಸದ್ದು ಜೋರಾಗುವುದೂ ಸೋರಿಕೆಯದೇ ಗುರುತು.

ಆಮೇಲೆ ಕಣ್ಣಿನ ಪರೀಕ್ಷೆ. ಹೆಡ್ಡಿನ ಮೇಲೆ ಕಂಡಿಯ ಸುತ್ತ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿ ಸೋರಿಕೆಯ ಜಾಗವನ್ನು ತಾನೇ ತೋರಿಸುತ್ತದೆ. ಖಚಿತವಾಗಬೇಕಿದ್ದರೆ ಸಾಬೂನು ನೀರಿನ ಉಪಾಯವಿದೆ. ಎಂಜಿನ್ ನಿಲ್ಲಿಸಿ, ತಣ್ಣಗಿರುವಾಗ ಸೈಲೆನ್ಸರಿನ ಬಾಯಿಯಿಂದ ಬ್ಲೋವರಿನ ಗಾಳಿಯನ್ನು ಮೆಲ್ಲಗೆ ಹಾಯಿಸಿ, ಜೋಡಣೆಗಳ ಮೇಲೆ ಸಾಬೂನು ನೀರು ಸಿಂಪಡಿಸಿದರೆ ಸೋರುವಲ್ಲಿ ಗುಳ್ಳೆಗಳೇಳುತ್ತವೆ. ಎಂಜಿನ್ ಆಗತಾನೇ ಚಾಲೂ ಆಗಿರುವಾಗ ಊದುಬತ್ತಿಯ ಹೊಗೆಯನ್ನು ಜೋಡಣೆಯ ಬಳಿ ಹಿಡಿದರೂ ಸೋರುವೆಡೆ ಅದು ತುಯ್ದಾಡುತ್ತದೆ. ಡೀಸೆಲ್ ಜಿನುಗುತ್ತಿದ್ದರೆ ಮಾತ್ರ ಈ ಪ್ರಯೋಗ ಬೇಡ. ಕಾದ ಮ್ಯಾನಿಫೋಲ್ಡಿಗೆ ನೀರು ಸುರಿಯಲೇಬಾರದು. ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಬಿಚ್ಚುವಾಗಿನ ಎಚ್ಚರ

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿಡಬೇಕು. ಹಟದಿಂದ ತಿರುಗಿಸದೆ ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸಿ ಬಿಡಿಸುವುದು ಜಾಣತನ. ಬೋಲ್ಟ್ ಮುರಿದು ತುಂಡು ಹೆಡ್ಡಿನಲ್ಲೇ ಉಳಿದರೆ ಅದರ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸುವ ಕ್ರಮವಿದೆ. ವೆಲ್ಡಿಂಗಿನ ಶಾಖವೇ ತುಕ್ಕಿನ ಹಿಡಿತ ಬಿಡಿಸುತ್ತದೆ. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿ ಕಳಚಿಡುವುದು ಅಗತ್ಯ. ಇದೂ ಫಲಿಸದಿದ್ದರೆ ತುಂಡಿನ ನಡುಮಧ್ಯಕ್ಕೆ ಡ್ರಿಲ್ ಹಾಕಿ ತೆಗೆದು, ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ ಕೂರಿಸಬೇಕಾಗುತ್ತದೆ. ಇದು ಪಳಗಿದ ಕೈಗಳ ಕೆಲಸ. ಡ್ರಿಲ್ ಪಕ್ಕಕ್ಕೆ ಸರಿದರೆ ಹೆಡ್ಡಿಗೇ ಹಾನಿ.

ಟರ್ಬೊದ ಆಯಿಲ್ ಪೈಪುಗಳನ್ನು ಕಳಚಿದ ನಂತರ ಅದರ ಬಾಯಿಗಳನ್ನು, ಹೆಡ್ಡಿನ ಕಂಡಿಗಳನ್ನು ಶುಭ್ರ ಬಟ್ಟೆಯಿಂದ ಮುಚ್ಚಿಡಬೇಕು. ಹಳೆಯ ಪ್ಯಾಕಿಂಗಿನ ಒಂದು ಚೂರು ಒಳಗೆ ಬಿದ್ದರೂ ಟರ್ಬೊದ ರೆಕ್ಕೆಗಳು ಮುರಿದಾವು. ಹಳೆಯ ಕಾಲದ ಪ್ಯಾಕಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು. ಅವನ್ನು ಒಣಗಿದಂತೆಯೇ ಕೆರೆದು ಗಾಳಿಯಲ್ಲಿ ಊದಬಾರದು. ಒದ್ದೆ ಮಾಡಿ, ಮುಖವಾಡ ಧರಿಸಿ ತೆಗೆಯುವುದು ಕ್ಷೇಮ.

ಅಳತೆಯೇ ನಿರ್ಣಾಯಕ

ಇಡೀ ದುರಸ್ತಿಯ ಜೀವಾಳ ಇಲ್ಲಿದೆ. ತರಾತುರಿಯ ಕೆಲಸದಲ್ಲಿ ಬಿಟ್ಟುಹೋಗುವುದೂ ಇದೇ ಹಂತ. ಮ್ಯಾನಿಫೋಲ್ಡಿನ ಮೈಯನ್ನು ಚೊಕ್ಕಟಗೊಳಿಸಿ, ಆರೂ ಚಾಚುಪಟ್ಟಿಗಳಿಗೆ ಅಡ್ಡಲಾಗಿ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು, ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡಬೇಕು. 0.2 ಮಿ.ಮೀ. ದಪ್ಪದ ಎಲೆ ಸಲೀಸಾಗಿ ನುಸುಳಿದರೆ ಹೊಸ ಪ್ಯಾಕಿಂಗಿನಿಂದ ಪ್ರಯೋಜನವಿಲ್ಲ ಎಂಬುದು ಗ್ಯಾರೇಜುಗಳ ಸಾಮಾನ್ಯ ಲೆಕ್ಕ. ಕೈಪಿಡಿಯಲ್ಲಿ ಬೇರೆ ಮಿತಿ ಇದ್ದರೆ ಅದೇ ಅಂತಿಮ. ಹೆಡ್ಡಿನ ಮೈಯನ್ನೂ ಇದೇ ರೀತಿ ಅಳೆಯತಕ್ಕದ್ದು.

ಬಾಗಿದ ಮ್ಯಾನಿಫೋಲ್ಡನ್ನು ಎಂಜಿನ್ ರೀಬೋರಿಂಗ್ ಮಾಡುವ ಅಂಗಡಿಯಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ ಮಟ್ಟಸಗೊಳಿಸಬಹುದು. ಆರೂ ಪಟ್ಟಿಗಳನ್ನು ಒಂದೇ ಸಲ ಕೂರಿಸಿ ಉಜ್ಜಿಸಬೇಕೇ ಹೊರತು ಒಂದೊಂದನ್ನೇ ಅರದಿಂದ ಉಜ್ಜಿದರೆ ಪ್ರಯೋಜನವಿಲ್ಲ. ಆದರೆ ರಂಧ್ರಗಳು ಹೊಂದದಷ್ಟು ಕುಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿಸುವುದೇ ಲೇಸು. ಎರಕದ ಕಬ್ಬಿಣಕ್ಕೆ ಮೊದಲೇ ಕಾಯಿಸದೆ, ತಕ್ಕ ನಿಕಲ್ ಕಡ್ಡಿ ಬಳಸದೆ ಹಾಕಿದ ವೆಲ್ಡಿಂಗ್ ಬಹುಕಾಲ ಬಾಳದು. ದೊಡ್ಡ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡನ್ನು ಎರಡು ಮೂರು ತುಂಡುಗಳಾಗಿ, ಒಂದರೊಳಗೊಂದು ಜಾರುವಂತೆ ಮಾಡಿರುವುದು ಈ ಕುಗ್ಗುವಿಕೆಯನ್ನು ತಪ್ಪಿಸಲೆಂದೇ.

ಬೋಲ್ಟು, ವಾಷರು, ಪೇಸ್ಟು

ಶಾಖದಲ್ಲಿ ವರ್ಷಗಟ್ಟಲೆ ಬೆಂದ ಬೋಲ್ಟು ಎಳೆದುಕೊಂಡು ಸತ್ವ ಕಳೆದುಕೊಂಡಿರುತ್ತದೆ. ಆದ್ದರಿಂದ ಹನ್ನೆರಡನ್ನೂ ಬದಲಿಸುವುದು ಒಳಿತು. ತಯಾರಕರು ಸೂಚಿಸಿದ ದರ್ಜೆಯವೇ ಇರಲಿ. ತುಕ್ಕು ಹಿಡಿಯದೆಂಬ ಆಸೆಯಿಂದ ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ಹಾಕುವುದು ಸಲ್ಲದು. ಅದು ಕಾದಾಗ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ಸಡಿಲಗೊಳ್ಳುತ್ತದೆ. ಸ್ಪ್ರಿಂಗ್ ವಾಷರುಗಳೂ ಇಲ್ಲಿ ನಿಷ್ಪ್ರಯೋಜಕ. ಮ್ಯಾನಿಫೋಲ್ಡಿನ ಶಾಖಕ್ಕೆ ಅವುಗಳ ಸ್ಪ್ರಿಂಗ್ ಗುಣವೇ ಇಳಿದುಹೋಗುತ್ತದೆ. ಬೋಲ್ಟಿನ ತಲೆಯ ಕೆಳಗೆ ದಪ್ಪ ಉಕ್ಕಿನ ಕೊಳವೆಯಂಥ ಬುಷ್ ಇರಿಸಿ ಉದ್ದನೆಯ ಬೋಲ್ಟು ಬಳಸುವ ಕ್ರಮ ಕೆಲ ಎಂಜಿನ್ನುಗಳಲ್ಲಿದೆ. ಗಿಡ್ಡ ಬೋಲ್ಟಿಗಿಂತ ಉದ್ದ ಬೋಲ್ಟು ಹೆಚ್ಚು ಹಿಗ್ಗಿ ಕುಗ್ಗಬಲ್ಲದಾದ್ದರಿಂದ ಅದರ ಬಿಗಿ ಬೇಗನೆ ಕಳೆಯುವುದಿಲ್ಲ.

ಪ್ಯಾಕಿಂಗಿನ ಮೇಲೆ ಸಿಲಿಕೋನ್ ಪೇಸ್ಟ್ ಬಳಿಯುವ ರೂಢಿಯನ್ನು ಕೈಬಿಡಬೇಕು. ಅಂಥ ಪೇಸ್ಟ್ ಆಯಿಲ್ ಚೇಂಬರಿಗೆ ತಕ್ಕುದೇ ವಿನಾ ಮ್ಯಾನಿಫೋಲ್ಡಿನ ಶಾಖವನ್ನು ತಾಳದು. ಅದು ಉರಿದುಹೋದೊಡನೆ ಅಷ್ಟು ದಪ್ಪದ ಸಂದಿ ಉಳಿಯುತ್ತದೆ. ಒಂದರ ಮೇಲೊಂದು ಎರಡು ಪ್ಯಾಕಿಂಗ್ ಹಾಕುವುದೂ ತಪ್ಪು.

ಬಿಗಿಯುವ ಕ್ರಮ

ಹೆಡ್ಡಿನ ರಂಧ್ರಗಳ ಥ್ರೆಡ್ಡನ್ನು ಟ್ಯಾಪಿನಿಂದ ಚೊಕ್ಕಟಗೊಳಿಸಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಕೂರಿಸಬೇಕು. ಬಳಿಕ ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಸರತಿಯಂತೆ, ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. 6ಬಿಟಿ ಎಂಜಿನ್ನಿಗೆ ಅಂತಿಮ ಬಿಗಿ 43 ನ್ಯೂಟನ್ ಮೀಟರ್, ಅಂದರೆ ಸುಮಾರು 4.4 ಕೆ.ಜಿ. ಮೀಟರ್. ಸ್ಪ್ಯಾನರಿಗೆ ಪೈಪು ತೂರಿಸಿ ಮೈಭಾರ ಹಾಕಿದರೆ ಬಿಗಿ ಈ ಅಳತೆಯನ್ನು ಎಷ್ಟೋ ಮೀರುತ್ತದೆ. ಅತಿ ಬಿಗಿಯಿಂದ ಮ್ಯಾನಿಫೋಲ್ಡ್ ಜಾರಲಾಗದೆ ತುದಿಯ ಬೋಲ್ಟುಗಳೇ ತುಂಡಾಗುತ್ತವೆ. ಕಡಿಮೆ ಬಿಗಿಯಷ್ಟೇ ಅತಿ ಬಿಗಿಯೂ ಕೇಡು ಎಂಬುದನ್ನು ಮರೆಯಬಾರದು.

ಟರ್ಬೊದ ಆಯಿಲ್ ಕಂಡಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿದ ಮೇಲಷ್ಟೇ ಪೈಪು ಜೋಡಿಸಿ ಚಾಲೂ ಮಾಡಬೇಕು. ಸೈಲೆನ್ಸರ್ ಪೈಪನ್ನು ಜಗ್ಗಿ ಎಳೆದು ಜೋಡಿಸಬಾರದು. ಪೈಪು ತಾನಾಗಿ ಎದುರುಬದುರು ಬರುವಂತೆ ಮಾಡಿ, ಅದರ ಕ್ಲಾಂಪುಗಳನ್ನು ಚಾಸಿಸ್ಸಿಗೆ ಭದ್ರಪಡಿಸಿದ ಬಳಿಕವೇ ಕೊನೆಯ ಬಿಗಿ. ಮೌಂಟಿಂಗ್ ರಬ್ಬರುಗಳನ್ನೂ ಈಗಲೇ ನೋಡಿಕೊಳ್ಳಬೇಕು. ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ, ಕೈಪಿಡಿ ಬೇಡವೆನ್ನದಿದ್ದರೆ, ಬೋಲ್ಟುಗಳ ಬಿಗಿಯನ್ನು ಅದೇ ಅಳತೆಗೆ ಮತ್ತೊಮ್ಮೆ ಪರಿಶೀಲಿಸುವುದು ಉತ್ತಮ.

ಚಾಲಕರ ಪಾಲಿನ ಕರ್ತವ್ಯ

ಗ್ಯಾರೇಜಿನಲ್ಲಿ ಆದ ಕೆಲಸ ಬಾಳಿಕೆ ಬರುವುದು ರಸ್ತೆಯ ಮೇಲಿನ ಅಭ್ಯಾಸಗಳಿಂದ. ಏರು ಹತ್ತಿ ಬಂದು ಕೂಡಲೇ ಎಂಜಿನ್ ನಿಲ್ಲಿಸದೆ ಮೂರರಿಂದ ಐದು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡಬೇಕು. ಇದರಿಂದ ಮ್ಯಾನಿಫೋಲ್ಡ್ ಹಂತಹಂತವಾಗಿ ಆರುತ್ತದೆ, ಟರ್ಬೊದ ಬೇರಿಂಗಿಗೂ ಆಯಿಲ್ ದೊರೆಯುತ್ತದೆ. ಏರ್ ಫಿಲ್ಟರನ್ನು ಸಕಾಲಕ್ಕೆ ಬದಲಿಸುವುದು, ಪಂಪಿನ ಸೆಟ್ಟಿಂಗ್ ಮುಟ್ಟದಿರುವುದು, ಮಿತಿಯೊಳಗೆ ಸರಕು ತುಂಬುವುದು ಇವು ಮ್ಯಾನಿಫೋಲ್ಡಿನ ಆಯುಸ್ಸನ್ನು ಹೆಚ್ಚಿಸುತ್ತವೆ. ಎಂಟು ವರ್ಷ ದಾಟಿದ ಸರಕು ವಾಹನಗಳಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕಾಗಿರುವುದರಿಂದ, ಎಫ್‌ಸಿಗೆ ಮುನ್ನ ಮಾಡಿಸುವ ಕೆಲಸಗಳ ಪಟ್ಟಿಯಲ್ಲಿ ಮ್ಯಾನಿಫೋಲ್ಡ್ ಪರೀಕ್ಷೆಯನ್ನೂ ಸೇರಿಸಿಕೊಳ್ಳುವುದು ಜಾಣತನ.

ಪ್ಯಾಕಿಂಗ್ ಎರಡನೆಯ ಸಲ ಹೋದಾಗ ಮೆಕ್ಯಾನಿಕ್ಕರನ್ನು ಕೇಳಬೇಕಾದ ಪ್ರಶ್ನೆಗಳು ಮೂರೇ: ಮ್ಯಾನಿಫೋಲ್ಡಿನ ಮಟ್ಟ ಅಳೆದಿರಾ? ಬೋಲ್ಟುಗಳನ್ನು ಬದಲಿಸಿದಿರಾ? ಪೈಪಿನ ಭಾರ ಹೊರುವ ಕ್ಲಾಂಪು ಸರಿಯಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬರುವವರೆಗೆ ಹೊಸ ಪ್ಯಾಕಿಂಗಿಗೆ ಹಣ ಕೊಡದಿರುವುದೇ ವಾಸಿ. ಬಾನೆಟ್ಟಿನ ಪಕ್ಕದಲ್ಲಿ ದಿನವಿಡೀ ಕುಳಿತು ಆ ಗಾಳಿಯನ್ನೇ ಉಸಿರಾಡುವ ಚಾಲಕ ಮತ್ತು ಕ್ಲೀನರಿನ ಪಾಲಿಗೆ ಇದು ಹಣದ ಲೆಕ್ಕಕ್ಕಿಂತ ದೊಡ್ಡದು.